ಕೂರುವ ಹಕ್ಕು, ಏರುವ ಮೆಟ್ಟಿಲು

ಅಂಗಡಿಯೊಂದರ ಹುರುಪು ಎಷ್ಟೆಂದು ತಿಳಿಯಬೇಕಾದರೆ ರಾತ್ರಿ ಎಂಟೂವರೆಗೆ ಅಲ್ಲಿಗೆ ಹೋಗಬೇಕು. ಬೆಳಿಗ್ಗೆ ಹತ್ತಕ್ಕೆ, ದೇವರ ಪಟದ ಮುಂದೆ ಊದುಬತ್ತಿ ಇನ್ನೂ ಉರಿಯುತ್ತಿರುವಾಗ, ಎಲ್ಲ ಅಂಗಡಿಗಳೂ ಲವಲವಿಕೆಯಿಂದಲೇ ಇರುತ್ತವೆ. ರಾತ್ರಿ ಷಟರ್ ಎಳೆಯುವ ಹೊತ್ತಿಗೆ ಯಾರೋ ಬಂದು ‘ಇದೇ ಬಣ್ಣದಲ್ಲಿ ಬೇರೆ ಅಂಚು ಇದೆಯಾ’ ಎಂದು ಕೇಳುತ್ತಾರೆ. ಆಗ ಸೇಲ್ಸ್ ಹುಡುಗಿ ಕಪಾಟಿನತ್ತ ಹೇಗೆ ತಿರುಗುತ್ತಾಳೆ ಎಂಬುದರಲ್ಲಿ ಆ ಅಂಗಡಿಯ ನಿಜವಾದ ಸ್ಥಿತಿ ಕಾಣುತ್ತದೆ. ಅವಳ ಕಾಲು ನೋಯುತ್ತಿದೆಯೇ, ಮಧ್ಯಾಹ್ನ ಸರಿಯಾಗಿ ಊಟ ಮಾಡಿದ್ದಾಳೆಯೇ, ನಾಳೆ ರಜೆಯೋ ಕೆಲಸವೋ ಎಂಬುದು ಅವಳಿಗೆ ಗೊತ್ತಿದೆಯೇ ಎಂಬುದೆಲ್ಲ ಆ ಒಂದು ತಿರುಗುವಿಕೆಯಲ್ಲೇ ಇದೆ.

ಈ ಪರೀಕ್ಷೆಗೆ ಚೆನ್ನೈನ ತ್ಯಾಗರಾಯನಗರಕ್ಕಿಂತ ತಕ್ಕ ಜಾಗ ದಕ್ಷಿಣ ಭಾರತದಲ್ಲಿ ಸಿಗಲಾರದು. ಮಾಂಬಲಂ ರೈಲು ನಿಲ್ದಾಣದಿಂದ ಉಸ್ಮಾನ್ ರಸ್ತೆಗೆ ಸೇರುವ ರಂಗನಾಥನ್ ಬೀದಿ ನೂರಾರು ಮೀಟರಿನ ಕಿರಿದಾದ ಓಣಿ. ಆ ಓಣಿಯಲ್ಲಿ ಪಾತ್ರೆ, ಬಟ್ಟೆ, ಚಿನ್ನ, ಹೇರ್‌ಪಿನ್, ಹಣ್ಣು, ಹೂವು ಎಲ್ಲವೂ ಉಂಟು. ಬಹುಮಹಡಿ ಮಳಿಗೆಗಳ ಕಾಲಬುಡದಲ್ಲೇ ಆರೇಳು ಜನ ನಡೆಸುವ ಸಣ್ಣ ಅಂಗಡಿಗಳಿವೆ, ಅವುಗಳ ಮುಂದೆ ನೆಲದ ಮೇಲೆ ಹರಡಿಕೊಂಡ ವ್ಯಾಪಾರವಿದೆ. ಆಡಿ ತಿಂಗಳ ರಿಯಾಯಿತಿ ಮಾರಾಟದಲ್ಲಿ, ದೀಪಾವಳಿಗೆ ಮುಂಚಿನ ವಾರಗಳಲ್ಲಿ ಇಲ್ಲಿ ಹೆಜ್ಜೆ ಇಡಲೂ ಜಾಗವಿರುವುದಿಲ್ಲ. 2023ರಲ್ಲಿ ನಗರಾಡಳಿತ ಮಾಂಬಲಂ ನಿಲ್ದಾಣವನ್ನೂ ಟಿ. ನಗರದ ಬಸ್ ನಿಲ್ದಾಣವನ್ನೂ ಜೋಡಿಸುವ ಉದ್ದನೆಯ ಸ್ಕೈವಾಕ್ ಕಟ್ಟಿತು. ಕೊಳ್ಳುವವರ ಕಾಲಿಗೆ ಅದರಿಂದ ನೆಮ್ಮದಿಯಾಯಿತು. ಮಾರುವವರ ಕಾಲಿಗೆ ಏನು ಸಿಕ್ಕಿದೆ ಎಂಬುದು ಈ ಬರಹದ ವಿಷಯ.

ಸಣ್ಣ ಅಂಗಡಿಯಲ್ಲಿ ಉತ್ಸಾಹದ ವಾತಾವರಣ ಕಟ್ಟುವುದು ಹೇಗೆ ಎಂದು ಈಗ ಎಲ್ಲೆಡೆ ಮಾತು ನಡೆಯುತ್ತಿದೆ. ತರಬೇತುದಾರರು ಬರುತ್ತಾರೆ, ಬೆಳಗಿನ ಸಭೆ ಮಾಡಿಸುತ್ತಾರೆ, ಚಪ್ಪಾಳೆ ಹೊಡೆಸುತ್ತಾರೆ, ‘ತಿಂಗಳ ಅತ್ಯುತ್ತಮ ನೌಕರ’ ಎಂದು ಫೋಟೊ ಹಾಕಿಸುತ್ತಾರೆ. ಈ ಪದ್ಧತಿಯನ್ನು ಚೆನ್ನೈನ ಅನುಭವದ ಬೆಳಕಿನಲ್ಲಿ ಅಳೆದು ನೋಡಿದರೆ ನನಗೆ ಕಾಣುವುದು ಇಷ್ಟು: ದುಡಿಯಲು ಬರುವ ಹುಡುಗ-ಹುಡುಗಿಯರು ಉತ್ಸಾಹವನ್ನು ಮನೆಯಿಂದಲೇ ತಂದಿರುತ್ತಾರೆ. ಅದನ್ನು ಹೀರಿಹಾಕುವುದು ಅಂಗಡಿಯ ವ್ಯವಸ್ಥೆ. ಮಾಲೀಕ ಮೊದಲು ಮಾಡಬೇಕಾದ ಕೆಲಸ ಆ ಸೋರಿಕೆಯನ್ನು ಮುಚ್ಚುವುದು. ಮುಚ್ಚಲು ಬೇಕಾಗುವುದು ಕೂರಲು ಕುರ್ಚಿ, ಮೊದಲೇ ಗೊತ್ತಿರುವ ರಜೆ, ಮಾತಿಗೆ ಬೆಲೆ, ಮತ್ತು ಮೇಲೇರಲು ಒಂದು ಮೆಟ್ಟಿಲು.

ತರಬೇತಿಯ ಸಿದ್ಧಾಂತದಿಂದಲೇ ಆರಂಭಿಸೋಣ. ಅಂಗಡಿಯ ಉತ್ಸಾಹದ ಬಗ್ಗೆ ಜಗತ್ತಿನಲ್ಲಿ ಅತಿ ಹೆಚ್ಚು ಹರಡಿದ ಪಾಠ ಅಮೆರಿಕದ ಸಿಯಾಟಲ್ ನಗರದ ಪೈಕ್ ಪ್ಲೇಸ್ ಮೀನಂಗಡಿಯದು. ಅಲ್ಲಿನ ನೌಕರರು ಮೀನನ್ನು ಗಾಳಿಯಲ್ಲಿ ಎಸೆದು ಹಿಡಿಯುತ್ತಾರೆ, ಗಿರಾಕಿಗಳನ್ನೂ ಆಟಕ್ಕೆ ಸೇರಿಸಿಕೊಳ್ಳುತ್ತಾರೆ. ಅದನ್ನು ನೋಡಿ 1998ರಲ್ಲಿ ‘ಫಿಶ್’ ಎಂಬ ತರಬೇತಿ ಚಿತ್ರ ತಯಾರಾಯಿತು. 2000ದಲ್ಲಿ ಅದೇ ಹೆಸರಿನ ಪುಸ್ತಕ ಬಂದು ದೇಶದೇಶಗಳಲ್ಲಿ ಮಾರಾಟವಾಯಿತು. ಅದರ ಉಪದೇಶ ನಾಲ್ಕು ಮಾತಿನದು: ಕೆಲಸವನ್ನು ಆಟದಂತೆ ಮಾಡು, ಎದುರಿಗಿರುವವರ ದಿನವನ್ನು ಹಸನು ಮಾಡು, ಮನಸ್ಸಿಟ್ಟು ಅಲ್ಲೇ ಇರು, ನಿನ್ನ ಮನೋಭಾವವನ್ನು ನೀನೇ ಆರಿಸಿಕೋ.

ಈ ನಾಲ್ಕರಲ್ಲಿ ಸುಳ್ಳು ಯಾವುದೂ ಇಲ್ಲ. ಮನಸ್ಸಿಟ್ಟು ಎದುರಿಗಿರುವ ನೌಕರನ ಬೆಲೆ ಏನೆಂದು ಅಂಗಡಿಗೆ ಹೋಗುವ ಯಾರಿಗಾದರೂ ಗೊತ್ತು. ಕೊರತೆ ಇರುವುದು ನಾಲ್ಕನೆಯ ಮಾತು ಹೊರುವ ಭಾರದಲ್ಲಿ. ಮನೋಭಾವವನ್ನು ನೌಕರನೇ ಆರಿಸಿಕೊಳ್ಳಬೇಕು ಎಂದಾಗ, ಅವನು ಸಂಜೆಗೆ ಬಾಡಿದರೆ ತಪ್ಪು ಅವನದೇ ಆಗುತ್ತದೆ. ಹನ್ನೆರಡು ತಾಸು ನಿಲ್ಲಿಸಿದ ಏರ್ಪಾಡು ಲೆಕ್ಕಕ್ಕೇ ಬರುವುದಿಲ್ಲ. ಇನ್ನೂ ದೊಡ್ಡ ಕೊರತೆ, ಆ ಪಾಠ ಬಿಟ್ಟ ಕಥೆಯದು. ಆ ಮೀನಂಗಡಿಯನ್ನು ಜಾನ್ ಯೋಕೊಯಾಮಾ 1965ರಲ್ಲಿ ಕೊಂಡಿದ್ದರು. 1980ರ ದಶಕದಲ್ಲಿ ಅಂಗಡಿ ಮುಳುಗುವ ಸ್ಥಿತಿಗೆ ಬಂದಾಗ ನೌಕರರೊಂದಿಗೆ ಕುಳಿತು ಮಾತಾಡಿದರು. ಜಗತ್ಪ್ರಸಿದ್ಧರಾಗೋಣ ಎಂಬ ಮಾತು ಬಂದದ್ದು ಆ ಸಭೆಯಲ್ಲಿದ್ದ ಒಬ್ಬ ಎಳೆಯ ನೌಕರನ ಬಾಯಿಂದ, ಮಾಲೀಕ ಅದನ್ನು ಗಂಭೀರವಾಗಿ ತೆಗೆದುಕೊಂಡರು. 2018ರಲ್ಲಿ, ನಿವೃತ್ತರಾಗುವಾಗ, ಅಂಗಡಿಯನ್ನು ಅಲ್ಲೇ ಮೀನು ಮಾರುತ್ತಿದ್ದ ನಾಲ್ವರು ನೌಕರರಿಗೇ ಮಾರಿದರು. ಮೀನು ಎಸೆಯುವ ಆಟ ಎಲ್ಲರ ಕಣ್ಣಿಗೆ ಬಿತ್ತು. ಆ ಆಟದ ಹಿಂದೆ ಇದ್ದದ್ದು ಮಾತಿಗೆ ಸಿಕ್ಕ ಮನ್ನಣೆ, ಮುಂದೆ ಕಾದಿದ್ದದ್ದು ಒಡೆತನ. ಇವೆರಡನ್ನೂ ತೆಗೆದುಹಾಕಿ ಆಟವನ್ನಷ್ಟೇ ಕಲಿಸಿದರೆ ನೌಕರನಿಗೆ ದಕ್ಕುವುದು ಇನ್ನೊಂದು ಕೆಲಸ, ಅಂದರೆ ನಗುವ ಕೆಲಸ.

ಆ ಪಾಠಕ್ಕೆ ಚೆನ್ನೈ ಕೊಟ್ಟ ಉತ್ತರ ಒಂದು ಸಿನಿಮಾದಲ್ಲಿದೆ. ವಸಂತಬಾಲನ್ ನಿರ್ದೇಶಿಸಿ, ಜಯಮೋಹನ್ ಸಂಭಾಷಣೆ ಬರೆದ ‘ಅಂಗಾಡಿ ತೆರು’ 2010ರ ಮಾರ್ಚ್‌ನಲ್ಲಿ ತೆರೆಗೆ ಬಂತು. ಹೆಸರಿನ ಅರ್ಥ ‘ಅಂಗಡಿ ಬೀದಿ’. ಜ್ಯೋತಿಲಿಂಗಂ ಎಂಬ ಹುಡುಗ ಓದಿನಲ್ಲಿ ಜಾಣ. ಕಾವಲಿಲ್ಲದ ರೈಲ್ವೆ ಗೇಟಿನಲ್ಲಿ ತಂದೆ ಸತ್ತ ಮೇಲೆ ಓದು ಬಿಟ್ಟು ತೆಂಕಣ ಹಳ್ಳಿಯಿಂದ ರಂಗನಾಥನ್ ಬೀದಿಯ ದೊಡ್ಡ ಬಟ್ಟೆ ಮಳಿಗೆಗೆ ಬರುತ್ತಾನೆ. ಅಲ್ಲಿ ನಿಲ್ಲುವುದೇ ಕೆಲಸ. ಊಟಕ್ಕೆ ಓಡಬೇಕು, ಮಲಗಲು ಒಂದೇ ಹಾಲಿನಲ್ಲಿ ಸಾಲಾಗಿ ಚಾಪೆ, ಸೂಪರ್‌ವೈಸರನ ಕೈ ಯಾವಾಗ ಮೈಮೇಲೆ ಬೀಳುತ್ತದೋ ಹೇಳಲಾಗದು. ಕನಿ ಎಂಬ ಸೇಲ್ಸ್ ಹುಡುಗಿಯೊಂದಿಗೆ ಅವನಿಗೆ ಮೂಡುವ ಪ್ರೀತಿ ಆ ಮಳಿಗೆಯ ಕಾನೂನಿನಲ್ಲಿ ಅಪರಾಧ. ಮಹೇಶ್ ಮತ್ತು ಅಂಜಲಿಯ ಅಭಿನಯದಲ್ಲಿ ಆ ಇಬ್ಬರೂ ಜೀವಂತವಾಗಿದ್ದಾರೆ. ಕಪಾಟುಗಳ ಮಧ್ಯೆ ಕದ್ದು ನಗುವ ಅವರ ನಗು ಯಾವ ತರಬೇತಿಯಿಂದಲೂ ಬಂದದ್ದಲ್ಲ.

ಚಿತ್ರವನ್ನು ಕ್ರೌರ್ಯದ ದಾಖಲೆ ಎಂದು ಹೊಗಳುವವರೇ ಹೆಚ್ಚು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅದರೊಳಗಿನ ಒಂದು ಹೋಲಿಕೆ. ಮಳಿಗೆಯ ಒಳಗೆ ಯೌವನ ಬಾಡುತ್ತಿರುವಾಗ, ಹೊರಗಿನ ಅದೇ ಬೀದಿಯಲ್ಲಿ ಏನೂ ಇಲ್ಲದವರು ಅಪಾರ ಚೈತನ್ಯದಿಂದ ಬದುಕುತ್ತಾರೆ. ಕಣ್ಣು ಕಾಣದ ಮುದುಕರೊಬ್ಬರು ಬೀದಿಯಲ್ಲೇ ಮಾರಾಟ ಮಾಡಿ ತಲೆಯೆತ್ತಿ ಜೀವಿಸುತ್ತಾರೆ. ಕೆಲಸವಿಲ್ಲದ ಒಬ್ಬ, ಯಾರೂ ಕಾಲಿಡದ ಸಾರ್ವಜನಿಕ ಶೌಚಾಲಯವನ್ನು ತಾನೇ ತೊಳೆದು, ಬಾಗಿಲಲ್ಲಿ ಕೂತು ಕಾಸು ಪಡೆಯತೊಡಗುತ್ತಾನೆ. ಅವನಿಗೆ ಯಾರೂ ಉತ್ಸಾಹದ ಭಾಷಣ ಮಾಡಿರಲಿಲ್ಲ. ಕೆಲಸ ಅವನದಾಗಿತ್ತು, ಅದರ ಫಲವೂ ಅವನ ಕೈಗೇ ಬರುತ್ತಿತ್ತು. ಜನ ಸೋಮಾರಿಗಳು, ಅವರನ್ನು ಹುರಿದುಂಬಿಸಬೇಕು ಎಂಬ ನಂಬಿಕೆಯ ಬುಡವನ್ನೇ ಈ ಒಂದು ಉಪಕಥೆ ಅಲ್ಲಾಡಿಸುತ್ತದೆ.

ಚಿತ್ರಕ್ಕೆ ಮಿತಿಗಳಿವೆ, ಅವನ್ನೂ ಹೇಳಬೇಕು. ಕೇಡನ್ನೆಲ್ಲ ಕರುಂಗಾಲಿ ಎಂಬ ಒಬ್ಬ ಸೂಪರ್‌ವೈಸರನ ಮೈಮೇಲೆ ಹೇರಿದ್ದರಿಂದ, ಅವನನ್ನು ತೆಗೆದುಹಾಕಿದರೆ ಎಲ್ಲ ಸರಿಹೋದೀತು ಎಂಬ ಭಾವನೆ ನೋಡುಗನಲ್ಲಿ ಉಳಿಯುತ್ತದೆ. ಸೂಪರ್‌ವೈಸರನ ಮೇಲೆ ಮಾರಾಟದ ಗುರಿ ಹೇರಿದವರು ಯಾರು, ಅಷ್ಟು ಅಗ್ಗದ ಬೆಲೆಗೆ ಬಟ್ಟೆ ಬೇಕೆಂದು ಬರುವ ನಾವು ಯಾರು ಎಂಬ ಪ್ರಶ್ನೆಗೆ ಚಿತ್ರ ಅಂಚಿನಲ್ಲಷ್ಟೇ ಕೈಯಿಡುತ್ತದೆ. ಕೊನೆಯಲ್ಲಿ ಕಾಲುದಾರಿಯ ಮೇಲೆ ಮಲಗಿದ್ದವರ ಮೇಲೆ ಲಾರಿ ಹರಿದು ಕನಿ ಕಾಲು ಕಳೆದುಕೊಳ್ಳುವುದು ಕರುಳು ಹಿಂಡುತ್ತದೆ ನಿಜ. ಆದರೆ ದುರಂತ ವಿಧಿಯಿಂದ ಬಂದಾಗ ವ್ಯವಸ್ಥೆಯ ಹೊಣೆ ಸ್ವಲ್ಪ ಹಗುರಾಗಿಬಿಡುತ್ತದೆ. ಇಷ್ಟಾದರೂ, ಕೌಂಟರಿನ ಆಚೆ ನಿಂತ ಜೀವವನ್ನು ಕೌಂಟರಿನ ಈಚೆಯವರಿಗೆ ಕಾಣಿಸಿದ ಕೃತಿಗಳಲ್ಲಿ ಇದಕ್ಕೆ ಸಮನಾದದ್ದನ್ನು ನಾನು ನಮ್ಮ ಭಾಷೆಗಳ ಚಿತ್ರಗಳಲ್ಲಿ ನೋಡಿಲ್ಲ.

ಕಥೆಯ ಹಿಂದೆ ನಡೆದ ಸಂಗತಿಗಳೂ ಕಡಿಮೆ ಕಠೋರವಲ್ಲ. 2008ರ ಸೆಪ್ಟೆಂಬರ್‌ನಲ್ಲಿ ರಂಗನಾಥನ್ ಬೀದಿಯ ಒಂದು ಬಹುಮಹಡಿ ಮಳಿಗೆಗೆ ಬೆಂಕಿ ಬಿದ್ದು ಇಬ್ಬರು ನೌಕರರು ಸತ್ತರು. 2017ರ ಮೇ 31ರ ನಸುಕಿನಲ್ಲಿ ಉಸ್ಮಾನ್ ರಸ್ತೆಯ ಇನ್ನೊಂದು ಬಟ್ಟೆ ಮಳಿಗೆ ಹೊತ್ತಿಕೊಂಡಿತು. ಬೆಂಕಿ ಒಂದು ದಿನವಾದರೂ ಆರಲಿಲ್ಲ, ಕಟ್ಟಡದ ಒಂದು ಭಾಗ ಕುಸಿಯಿತು, ಉಳಿದದ್ದನ್ನು ಕೆಡವಬೇಕಾಯಿತು. ಆ ಹೊತ್ತಿನಲ್ಲೂ ಒಳಗೆ ನೌಕರರಿದ್ದರು. ಅವರನ್ನು ಅಗ್ನಿಶಾಮಕ ದಳದವರು ಇಳಿಸಿ ಕಾಪಾಡಿದರು. ಕೆಲಸದ ಜಾಗ ಮೊದಲು ಜೀವಕ್ಕೆ ಭದ್ರವಾಗಿರಬೇಕು. ತುರ್ತು ಬಾಗಿಲ ಮುಂದೆ ಮಾಲಿನ ಮೂಟೆ ಪೇರಿಸಿಟ್ಟ ಅಂಗಡಿಯಲ್ಲಿ ಉತ್ಸಾಹದ ಮಾತಾಡುವುದು ಅನ್ಯಾಯ. ಸಣ್ಣ ಅಂಗಡಿಯವರಿಗೂ ಈ ಮಾತು ಅಷ್ಟೇ ಸಲ್ಲುತ್ತದೆ. ಒಂದೇ ಬಾಗಿಲು, ಅಟ್ಟದ ತುಂಬ ರಟ್ಟಿನ ಪೆಟ್ಟಿಗೆ, ಹಳೆಯ ವೈರು ಇರುವುದು ಅಲ್ಲೇ ಹೆಚ್ಚು.

ಇನ್ನು ಕಾನೂನು. ತಮಿಳುನಾಡು ಸರ್ಕಾರ 2021ರ ಸೆಪ್ಟೆಂಬರ್‌ನಲ್ಲಿ ವಿಧಾನಸಭೆಯ ಮುಂದೆ ಪುಟ್ಟದೊಂದು ಮಸೂದೆ ತಂದಿತು. 1947ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಗೆ 22-ಎ ಎಂಬ ಕಲಮು ಸೇರಿತು. ಪ್ರತಿಯೊಂದು ಅಂಗಡಿಯೂ ಎಲ್ಲ ನೌಕರರಿಗೆ ಕೂರುವ ಏರ್ಪಾಡು ಮಾಡಬೇಕು, ಕೆಲಸದ ನಡುವೆ ಕೂರುವ ಅವಕಾಶ ಸಿಕ್ಕಾಗ ಅವರು ಕೂರಬಹುದು ಎಂಬುದು ಅದರ ಸಾರ. ಇದಕ್ಕೆ ಮೊದಲು, 2018ರಲ್ಲಿ, ಕೇರಳ ಇಂಥದೇ ತಿದ್ದುಪಡಿ ತಂದಿತ್ತು. ಅಲ್ಲಿ ಅದು ಮೇಲಿನಿಂದ ಇಳಿದು ಬಂದದ್ದಲ್ಲ. ಕೋಯಿಕ್ಕೋಡಿನ ಮಿಠಾಯಿ ಬೀದಿಯ ಅಂಗಡಿ ಹೆಂಗಸರು ಪಿ. ವಿಜಿ ಅವರ ಮುಂದಾಳತ್ವದಲ್ಲಿ ‘ಪೆಣ್‌ಕೂಟ್ಟ್’ ಎಂಬ ಸಂಘಟನೆ ಕಟ್ಟಿ ಮೊದಲು ಶೌಚಾಲಯಕ್ಕಾಗಿ, ಆಮೇಲೆ ಕುರ್ಚಿಗಾಗಿ ವರ್ಷಗಟ್ಟಲೆ ಹೋರಾಡಿದರು. ತ್ರಿಶ್ಶೂರಿನಲ್ಲಿ ಸೀರೆ ಅಂಗಡಿಯ ಹೆಂಗಸರು ಬಾಗಿಲ ಮುಂದೆ ಕೂತು ಮುಷ್ಕರ ಮಾಡಿದರು. ಅವರ ಹೋರಾಟದ ಫಲ ಇಂದು ಕಾಸರಗೋಡಿನ ಪೇಟೆಯಲ್ಲಿ ಕನ್ನಡ ಮಾತಾಡುತ್ತ ವ್ಯಾಪಾರ ಮಾಡುವ ಹೆಣ್ಣುಮಕ್ಕಳಿಗೂ ಸೇರಿದೆ.

ಕುರ್ಚಿಯಂಥ ಸಣ್ಣ ವಸ್ತುವಿಗೆ ಕಾನೂನೇ ಎಂದು ಕೇಳುವವರಿಗೆ ಇತಿಹಾಸ ಉತ್ತರ ಕೊಡುತ್ತದೆ. ಬ್ರಿಟನ್ 1899ರಲ್ಲೇ ಅಂಗಡಿ ನೌಕರಿಯ ಹೆಂಗಸರಿಗೆ ಆಸನ ಕೊಡಬೇಕೆಂಬ ಕಾಯ್ದೆ ಮಾಡಿತು. ಮೂವರಿಗೆ ಒಂದಾದರೂ ಆಸನವಿರಬೇಕು ಎಂದು ಅದು ಹೇಳಿತು. ನಮ್ಮ 1948ರ ಕಾರ್ಖಾನೆ ಕಾಯ್ದೆಯ 44ನೆಯ ಕಲಮು ನಿಂತು ದುಡಿಯುವ ಕಾರ್ಮಿಕರೆಲ್ಲರಿಗೂ ಕೂರುವ ಏರ್ಪಾಡನ್ನು ಕಡ್ಡಾಯ ಮಾಡಿತು. ಕಾರ್ಖಾನೆಯ ಕಾರ್ಮಿಕನಿಗೆ ಸ್ವಾತಂತ್ರ್ಯ ಬಂದ ಮರುವರ್ಷವೇ ದೊರೆತದ್ದು ಚೆನ್ನೈನ ಅಂಗಡಿ ನೌಕರಳಿಗೆ ದೊರೆಯಲು ಇನ್ನೂ ಎಪ್ಪತ್ತಮೂರು ವರ್ಷ ಬೇಕಾಯಿತು. ಈ ನಡುವೆ ಎಷ್ಟು ಕಾಲುಗಳಲ್ಲಿ ನರ ಉಬ್ಬಿಕೊಂಡವು, ಎಷ್ಟು ಸೊಂಟಗಳು ಸೋತವು ಎಂದು ಬರೆದಿಟ್ಟವರಿಲ್ಲ.

ಇದು ಒಳ್ಳೆಯ ಕಾನೂನು, ಸಂದೇಹವಿಲ್ಲ. ಆದರೆ ಪೂರ್ತಿಯಾದ ಕಾನೂನಲ್ಲ. ಕಾರ್ಖಾನೆ ಕಾಯ್ದೆಯ ಧಾಟಿಯನ್ನೇ ಇಲ್ಲಿಗೂ ತಂದದ್ದರಿಂದ, ಕೂರುವ ಅವಕಾಶ ಒದಗಿದಾಗ ಕೂರಬಹುದು ಎಂಬಲ್ಲಿಗೆ ಅದು ನಿಲ್ಲುತ್ತದೆ. ಯಂತ್ರದ ಮುಂದೆ ನಿಂತವನಿಗೆ ಅವಕಾಶವನ್ನು ಯಂತ್ರವೇ ಕೊಡುತ್ತದೆ. ಅಂಗಡಿಯಲ್ಲಿ ಅವಕಾಶ ಯಾವುದೆಂದು ಹೇಳುವವನು ಮಾಲೀಕ ಅಥವಾ ಸೂಪರ್‌ವೈಸರ್. ಗಿರಾಕಿ ಇಲ್ಲದಿದ್ದರೂ ‘ಮಾಲು ಜೋಡಿಸು’, ‘ಧೂಳು ಹೊಡೆ’, ‘ಬಾಗಿಲ ಕಡೆ ನೋಡುತ್ತಿರು’ ಎಂದರೆ ಅವಕಾಶ ಮುಗಿಯಿತು. ಕುರ್ಚಿ ಮೂಲೆಯಲ್ಲಿ ಇದ್ದೂ ಇರದಂತೆ ಇರುತ್ತದೆ. ಇಷ್ಟು ತಾಸಿಗೊಮ್ಮೆ ಇಷ್ಟು ನಿಮಿಷ ಕೂರಲೇಬೇಕು ಎಂದು ಕಾನೂನು ಹೇಳಿದ್ದರೆ ಅದು ಅಳೆಯಬಹುದಾದ ಹಕ್ಕಾಗುತ್ತಿತ್ತು. ಈಗ ಅದು ಮಾಲೀಕನ ಮನಸ್ಸಿನ ಮೇಲೆ ನಿಂತಿದೆ. ಆದ್ದರಿಂದಲೇ ಪ್ರಶ್ನೆ ಮತ್ತೆ ಅಂಗಡಿಯ ಸಂಸ್ಕೃತಿಗೇ ಮರಳುತ್ತದೆ.

ಕೆಲಸದ ತಾಸುಗಳ ಕಥೆಯೂ ಹೀಗೆಯೇ. ದಿನಕ್ಕೆ ಎಂಟು ತಾಸು, ವಾರಕ್ಕೆ ನಲವತ್ತೆಂಟು ತಾಸು, ವಾರಕ್ಕೊಂದು ರಜೆ ಎಂದು 1947ರ ಕಾಯ್ದೆಯೇ ಹೇಳಿದೆ. 2019ರಲ್ಲಿ ತಮಿಳುನಾಡು ಸರ್ಕಾರ ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿಗಳು ವರ್ಷದ ಎಲ್ಲ ದಿನ, ಇಪ್ಪತ್ತನಾಲ್ಕು ತಾಸೂ ತೆರೆದಿರಬಹುದು ಎಂದು ಅನುಮತಿ ಕೊಟ್ಟಾಗ ಅದೇ ಮಾತನ್ನು ಷರತ್ತಾಗಿ ಮತ್ತೆ ಬರೆಯಬೇಕಾಯಿತು. ಓಟಿ ಸೇರಿದರೂ ದಿನಕ್ಕೆ ಹತ್ತೂವರೆ ತಾಸು ಮೀರಬಾರದು, ವಾರಕ್ಕೆ ಐವತ್ತೇಳು ತಾಸು ಮೀರಬಾರದು ಎಂದು ಸೇರಿಸಿತು. 2022ರಲ್ಲಿ ಅನುಮತಿಯನ್ನು ಮುಂದುವರಿಸಲಾಯಿತು. ಅಂಗಡಿ ಹಗಲಿರುಳೂ ತೆರೆದಿರಲು ಜನ ಬೇಕಾದಷ್ಟಿದ್ದರೆ ಅಡ್ಡಿಯಿಲ್ಲ. ಇದ್ದ ಜನರನ್ನೇ ಎಳೆದೆಳೆದು ತಾಸು ತುಂಬಿಸಿದರೆ, ಹೆಚ್ಚಿಗೆ ತೆರೆದ ತಾಸುಗಳಲ್ಲಿ ಗಿರಾಕಿಗೆ ಸಿಗುವುದು ತೂಕಡಿಸುವ ಮುಖ.

ಕಾನೂನಿನ ಕೈ ಸಣ್ಣ ಅಂಗಡಿಯ ತನಕ ಮುಟ್ಟುವುದು ಕಷ್ಟ. ಇಪ್ಪತ್ತು ಜನರಿಗಿಂತ ಕಡಿಮೆ ಇರುವ ಕಡೆ ಬೋನಸ್ಸಿನ ಕನಿಷ್ಠ ಶೇ 8.33ರ ನಿಯಮವೂ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ದೀಪಾವಳಿಯ ಬಟ್ಟೆ, ಸಿಹಿ, ಹಣ ಎಲ್ಲವೂ ಧಣಿಯ ಇಷ್ಟ. ಇಂಥ ಅಂಗಡಿಗಳಲ್ಲಿ ಹಿಂದೆ ಹುರುಪನ್ನು ಉಳಿಸಿದ್ದು ಏನು? ತಿರುನೆಲ್ವೇಲಿ, ತೂತ್ತುಕುಡಿ ಕಡೆಯ ನಾಡಾರರು ಚೆನ್ನೈನ ಪ್ರತಿ ಬಡಾವಣೆಯಲ್ಲೂ ನಡೆಸುವ ದಿನಸಿ ಅಂಗಡಿಗೆ ಜನ ‘ಅಣ್ಣಾಚಿ ಕಡೈ’ ಎನ್ನುತ್ತಾರೆ. ಊರಿನಿಂದ ಬಂದ ಹುಡುಗ ಅಲ್ಲಿ ಪೊಟ್ಟಣ ಕಟ್ಟುವುದರಿಂದ ಶುರುಮಾಡಿ, ತೂಕ, ಖರೀದಿ, ಸಾಲದ ಲೆಕ್ಕ ಕಲಿತು, ಒಂದು ದಿನ ತನ್ನದೇ ಅಂಗಡಿ ಇಡುತ್ತಾನೆ. ಇದೇ ಮೆಟ್ಟಿಲನ್ನು ನಮ್ಮ ಕರಾವಳಿಯವರು ಇದೇ ಊರಿನಲ್ಲಿ ಹೋಟೆಲಿನೊಳಗೆ ಕಟ್ಟಿದರು. ಮಾಣಿಯಾಗಿ ಬಂದವನು ಸಪ್ಲೈಯರ್ ಆಗಿ, ಅಡುಗೆ ಕಲಿತು, ಗಲ್ಲಾದಲ್ಲಿ ಕೂತು, ಕೊನೆಗೆ ಬೇರೆ ಬೀದಿಯಲ್ಲಿ ತನ್ನ ಬೋರ್ಡು ಹಾಕುತ್ತಿದ್ದ. ಕಡಂದಲೆಯ ಕೆ. ಕೃಷ್ಣರಾಯರು ಹೋಟೆಲಿನ ಅಡುಗೆಮನೆಯಲ್ಲಿ ಸಂಬಳಕ್ಕೆ ದುಡಿದು ಮೇಲೆ ಬಂದವರು. 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದು, 1962ರಲ್ಲಿ ಕೆಥೀಡ್ರಲ್ ರಸ್ತೆಯಲ್ಲಿ ಡ್ರೈವ್-ಇನ್ ಕಟ್ಟಿ, ಊರಿಗೆ ಊರೇ ಅಲ್ಲಿ ಕೂತು ಕಾಫಿ ಕುಡಿಯುವಂತೆ ಮಾಡಿದರು. ಇಂದಿನ ಕಷ್ಟ ನಾಳೆಯ ಅಂಗಡಿಗೆ ಬಂಡವಾಳ ಎಂಬ ನಂಬಿಕೆ ಹುಡುಗರನ್ನು ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸುತ್ತಿತ್ತು.

ಆ ಹಳೆಯ ಪದ್ಧತಿಯನ್ನು ಕೊಂಡಾಡಿ ಸುಮ್ಮನಾಗುವಂತಿಲ್ಲ. ಅಲ್ಲಿ ತಾಸಿನ ಲೆಕ್ಕವಿರಲಿಲ್ಲ, ಮಲಗುವುದು ಅಂಗಡಿಯಲ್ಲೇ, ಎಳೆಯ ಮಕ್ಕಳೂ ದುಡಿಯುತ್ತಿದ್ದರು. ಮೆಟ್ಟಿಲು ಇದ್ದದ್ದು ಸ್ವಂತ ಜಾತಿಯ, ಸ್ವಂತ ಊರಿನ ಗಂಡುಹುಡುಗರಿಗೆ ಮಾತ್ರ. ಇಂದು ಅಂಗಡಿಗಳಲ್ಲಿ ಎಲ್ಲೆಲ್ಲೂ ದುಡಿಯುತ್ತಿರುವ ಹೆಣ್ಣುಮಕ್ಕಳಿಗೆ ಆ ಏಣಿಯಲ್ಲಿ ಒಂದು ಹಲ್ಲೂ ಇರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಒಳ್ಳೆಯದೆಲ್ಲ ಧಣಿಯ ಕರುಣೆಯಿಂದ ಬರಬೇಕಾಗಿತ್ತು. ಕರುಣೆ ಎಷ್ಟು ದೂರ ನಂಬಬಹುದಾದದ್ದು ಎಂಬುದಕ್ಕೆ ಚೆನ್ನೈಯಲ್ಲೇ ಒಂದು ಕಹಿ ಉದಾಹರಣೆ ಇದೆ. ಕೆ.ಕೆ. ನಗರದಲ್ಲಿ ದಿನಸಿ ಅಂಗಡಿ ನಡೆಸುತ್ತಿದ್ದು 1981ರಲ್ಲಿ ಶರವಣ ಭವನ ಹೋಟೆಲು ಆರಂಭಿಸಿದ ಪಿ. ರಾಜಗೋಪಾಲ್, ನೌಕರರ ವಸತಿ, ವೈದ್ಯ, ಮಕ್ಕಳ ಓದಿಗೆ ಕೈಬಿಚ್ಚಿ ಕೊಟ್ಟು ‘ಅಣ್ಣಾಚಿ’ ಎನಿಸಿಕೊಂಡವರು. ಅದೇ ವ್ಯಕ್ತಿ, ತನ್ನಲ್ಲಿ ದುಡಿಯುತ್ತಿದ್ದವನೊಬ್ಬನ ಮಗಳನ್ನು ಮದುವೆಯಾಗುವ ಹಟದಲ್ಲಿ 2001ರಲ್ಲಿ ಅವಳ ಗಂಡನನ್ನು ಕೊಲ್ಲಿಸಿದ ಅಪರಾಧಕ್ಕೆ ಗುರಿಯಾದರು. ಜೀವಾವಧಿ ಶಿಕ್ಷೆಯನ್ನು 2019ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಧಣಿಯ ಔದಾರ್ಯ ಎಷ್ಟೇ ದೊಡ್ಡದಿರಲಿ, ‘ಬೇಡ’ ಎನ್ನುವ ಶಕ್ತಿ ನೌಕರನ ಮನೆಯವರಿಗೆ ಇಲ್ಲದಿದ್ದರೆ ಅದು ಅಪಾಯಕಾರಿ. ಸವಲತ್ತು ಹಕ್ಕಾಗಿ ಬರಬೇಕು, ಬರಹದಲ್ಲಿರಬೇಕು, ಎಲ್ಲರಿಗೂ ಒಂದೇ ಆಗಿರಬೇಕು.

ಹಾಗಾದರೆ ಆರೇಳು ಜನರ ಅಂಗಡಿ ಮಾಡಬೇಕಾದದ್ದೇನು? ಎರಡು ಅಧ್ಯಯನಗಳು ಇಲ್ಲಿ ನೆರವಿಗೆ ಬರುತ್ತವೆ. ಒಂದು, ಅಮೆರಿಕದಲ್ಲಿ ಗ್ಯಾಪ್ ಬಟ್ಟೆ ಅಂಗಡಿಗಳಲ್ಲಿ ಜೋನ್ ವಿಲಿಯಮ್ಸ್, ಸೂಸನ್ ಲ್ಯಾಂಬರ್ಟ್, ಸರವಣನ್ ಕೇಶವನ್ ಮತ್ತಿತರರು ನಡೆಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗ. ನೌಕರರಿಗೆ ಕೆಲಸದ ಪಾಳಿ ಸ್ಥಿರವಾಗಿ, ಮುಂಚಿತವಾಗಿ ತಿಳಿಯುವಂತೆ ಮಾಡಿದರು, ಪಾಳಿಯನ್ನು ತಮ್ಮತಮ್ಮಲ್ಲೇ ಬದಲಾಯಿಸಿಕೊಳ್ಳಲು ಬಿಟ್ಟರು. ಅಂಥ ಅಂಗಡಿಗಳಲ್ಲಿ ಮಾರಾಟ ಶೇ 7ರಷ್ಟು, ದುಡಿಮೆಯ ಉತ್ಪಾದಕತೆ ಶೇ 5ರಷ್ಟು ಏರಿತು. ಭಾಷಣವಿಲ್ಲ, ಬಹುಮಾನವಿಲ್ಲ, ನಾಳೆ ಎಷ್ಟು ಹೊತ್ತಿಗೆ ಬರಬೇಕೆಂಬುದು ಇಂದೇ ಗೊತ್ತಿದ್ದುದರ ಫಲ ಇದು. ಎರಡನೆಯದು, ಎಂಐಟಿಯ ಪ್ರಾಧ್ಯಾಪಕಿ ಜೈನೆಪ್ ಟೊನ್ ಅವರದು. ಚೆನ್ನಾಗಿ ಸಂಬಳ ಕೊಟ್ಟೂ ಅಗ್ಗಕ್ಕೆ ಮಾರುವ ಅಂಗಡಿಗಳನ್ನು ಅವರು ವರ್ಷಗಟ್ಟಲೆ ನೋಡಿ 2014ರಲ್ಲಿ ಪುಸ್ತಕ ಬರೆದರು. ಕಡಿಮೆ ಬಗೆಯ ಮಾಲು ಇಡು, ಒಬ್ಬೊಬ್ಬರಿಗೂ ಹಲವು ಕೆಲಸ ಕಲಿಸು, ನಿರ್ಧಾರದ ಅಧಿಕಾರ ಕೊಡು, ಬೇಕಾದದ್ದಕ್ಕಿಂತ ಒಂದು ಕೈ ಹೆಚ್ಚೇ ಇಟ್ಟುಕೋ ಎಂಬುದು ಅವರು ಕಂಡ ಸೂತ್ರ.

ಇದನ್ನು ಮೈಲಾಪುರದ ಒಂದು ಪಾತ್ರೆ ಅಂಗಡಿಗೋ ಪುರಸೈವಾಕ್ಕಂನ ಒಂದು ರೆಡಿಮೇಡ್ ಅಂಗಡಿಗೋ ತಂದು ನೋಡೋಣ. ತಿಂಗಳ ಆರಂಭದಲ್ಲೇ ಯಾರಿಗೆ ಯಾವ ದಿನ ರಜೆ ಎಂದು ಬರೆದು ಗೋಡೆಗೆ ಅಂಟಿಸಲು ಖರ್ಚಿಲ್ಲ. ಕೌಂಟರಿನ ಹಿಂದೆ ಎತ್ತರದ ನಾಲ್ಕು ಸ್ಟೂಲ್ ಹಾಕಿದರೆ ಕೂತಲ್ಲಿಂದಲೇ ಮಾಲು ತೋರಿಸಬಹುದು. ಅದಕ್ಕೆ ತಗಲುವುದು ಒಂದು ಒಳ್ಳೆಯ ರೇಷ್ಮೆ ಸೀರೆಯ ಬೆಲೆಯೂ ಅಲ್ಲ. ಒಂದು ಮಿತಿಯವರೆಗೆ ಬೆಲೆ ಇಳಿಸುವ, ಹಾಳಾದ ಮಾಲನ್ನು ಬದಲಾಯಿಸಿಕೊಡುವ ಅಧಿಕಾರವನ್ನು ನೌಕರನಿಗೇ ಕೊಟ್ಟರೆ, ಪ್ರತಿ ಸಲ ‘ಸಾರ್ ಬರಲಿ’ ಎನ್ನುವ ಅವಮಾನ ತಪ್ಪುತ್ತದೆ. ಯಾವ ಬಣ್ಣ ಓಡುತ್ತಿದೆ, ಯಾವ ಅಳತೆ ಕೇಳಿ ಜನ ಬರಿಗೈಲಿ ಹೋದರು ಎಂಬುದು ಗಲ್ಲಾದಲ್ಲಿ ಕೂತವರಿಗಿಂತ ಕೌಂಟರಿನವರಿಗೆ ಚೆನ್ನಾಗಿ ಗೊತ್ತು. ಖರೀದಿಗೆ ಸೌಕಾರ್‌ಪೇಟೆಗೆ ಹೋಗುವಾಗ ಅವರಲ್ಲಿ ಒಬ್ಬರನ್ನು ಸರದಿಯಂತೆ ಕರೆದೊಯ್ದರೆ ಮಾಲಿನ ಜ್ಞಾನವೂ ಬೆಳೆಯುತ್ತದೆ, ಮೇಲೇರುವ ಮೊದಲ ಮೆಟ್ಟಿಲೂ ಸಿಗುತ್ತದೆ. ದೀಪಾವಳಿ ಬೋನಸ್ಸಿನ ಲೆಕ್ಕವನ್ನು ಆಡಿ ತಿಂಗಳಿಗೆ ಮೊದಲೇ ಹೇಳಿಬಿಟ್ಟರೆ ಆ ಮೂರು ತಿಂಗಳ ದುಡಿಮೆಗೆ ಅರ್ಥ ಬರುತ್ತದೆ. ಇಷ್ಟೆಲ್ಲ ಆದ ಮೇಲೆ ಬೆಳಗಿನ ಸಭೆ ಮಾಡಲಿ, ಹಾಡಲಿ, ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸಲಿ. ಆಗ ಅವೆಲ್ಲ ಶೋಭಿಸುತ್ತವೆ.

ಸಣ್ಣ ಅಂಗಡಿಯವರ ಕಷ್ಟ ನಾನು ಬಲ್ಲೆ. ಟಿ. ನಗರದಂಥ ಕಡೆ ಬಾಡಿಗೆ ಕೊರಳು ಹಿಸುಕುತ್ತದೆ, ಹತ್ತು ನಿಮಿಷದಲ್ಲಿ ಮನೆಗೆ ತಂದುಕೊಡುವ ಆ್ಯಪ್‌ಗಳು ದಿನಸಿ ವ್ಯಾಪಾರವನ್ನು ಕಿತ್ತುಕೊಳ್ಳುತ್ತಿವೆ, ಲಾಭದ ಅಂಚು ಕೂದಲೆಳೆಯಷ್ಟು. ಇಂಥ ಹೊತ್ತಿನಲ್ಲಿ ಒಬ್ಬ ನೌಕರ ಹೆಚ್ಚು ಎಂದರೆ ಭಯವಾಗುವುದು ಸಹಜ. ಆದರೆ ಬೆಲೆಯಲ್ಲಿ, ಮಾಲಿನ ವೈವಿಧ್ಯದಲ್ಲಿ, ವೇಗದಲ್ಲಿ ಸಣ್ಣ ಅಂಗಡಿ ಇನ್ನು ಗೆಲ್ಲಲಾರದು. ಅದರ ಬಳಿ ಉಳಿದಿರುವ ಬಲ ಒಂದೇ. ‘ಅಮ್ಮಾ, ಹೋದ ವರ್ಷ ನಿಮ್ಮ ಮಗಳಿಗೆ ತೆಗೆದುಕೊಂಡ ಹಸಿರು ಪಾವಡೈಗೆ ಹೊಂದುವ ರವಿಕೆ ಬಟ್ಟೆ ಬಂದಿದೆ’ ಎಂದು ನೆನಪಿಟ್ಟು ಹೇಳಬಲ್ಲ ಮನುಷ್ಯ. ಅಂಥವರು ಆರು ತಿಂಗಳಿಗೊಮ್ಮೆ ಕೆಲಸ ಬಿಟ್ಟು ಹೋಗುವ ಅಂಗಡಿಗೆ ಗಿರಾಕಿ ಮರಳಿ ಬರಲು ಕಾರಣವೇ ಇಲ್ಲ. ನೌಕರರನ್ನು ಉಳಿಸಿಕೊಳ್ಳುವುದು ಈಗ ಧರ್ಮವೂ ಹೌದು, ವ್ಯಾಪಾರವೂ ಹೌದು.

ಒಟ್ಟು ಅಳೆದು ಹೇಳುವುದಾದರೆ, ಉತ್ಸಾಹದ ತರಬೇತಿ ಅರ್ಧ ಸತ್ಯ. ಅದು ಮುಖವನ್ನು ನೋಡಿತು, ಕಾಲನ್ನು ನೋಡಲಿಲ್ಲ. ‘ಅಂಗಾಡಿ ತೆರು’ ಕಾಲನ್ನು ತೋರಿಸಿತು, ದಾರಿಯನ್ನು ತೋರಿಸಲಿಲ್ಲ. 2021ರ ಕಾನೂನು ಕುರ್ಚಿ ತಂದಿತು, ಕೂರುವ ಧೈರ್ಯವನ್ನು ಅಂಗಡಿಗೇ ಬಿಟ್ಟಿತು. ಅಣ್ಣಾಚಿ ಅಂಗಡಿ ಮೆಟ್ಟಿಲು ಕಟ್ಟಿತು, ಎಲ್ಲರಿಗೂ ಏರಲು ಬಿಡಲಿಲ್ಲ. ಕುರ್ಚಿಯನ್ನೂ ಮೆಟ್ಟಿಲನ್ನೂ ಒಂದೇ ಅಂಗಡಿಯಲ್ಲಿ ಕೂಡಿಸಿದ ಮಾಲೀಕನೇ ಉತ್ಸಾಹದ ವಾತಾವರಣ ಕಟ್ಟಿದವನು.

ಬೆಂಗಳೂರಿನ ಚಿಕ್ಕಪೇಟೆ, ಹುಬ್ಬಳ್ಳಿಯ ದುರ್ಗದಬೈಲು, ಮಂಗಳೂರಿನ ಹಂಪನಕಟ್ಟೆಯ ಅಂಗಡಿ ಮಾಲೀಕರಲ್ಲಿ ನನ್ನ ಕೋರಿಕೆ ಇಷ್ಟೇ: ಸರ್ಕಾರದ ಇನ್‌ಸ್ಪೆಕ್ಟರ್ ಬರುವ ತನಕ ಕಾಯಬೇಡಿ, ಈ ವಾರವೇ ಕೌಂಟರಿನ ಹಿಂ​ದೆ ಕುರ್ಚಿ ಹಾಕಿಸಿ, ಅದರ ಮೇಲೆ ಕೂತವರನ್ನು ಗದರಬೇಡಿ. ಕೊಳ್ಳಲು ಹೋಗುವ ನಮ್ಮೆಲ್ಲರ ಪಾಲೂ ಇದರಲ್ಲಿದೆ. ನಾವು ಒಳಗೆ ಕಾಲಿಟ್ಟಾಗ ಕೂತಿದ್ದ ಹುಡುಗಿ ಗಡಬಡಿಸಿ ಎದ್ದರೆ, ‘ಕೂತ್ಕೊಳಮ್ಮಾ, ಕೂತೇ ತೋರಿಸು’ ಎಂದು ಹೇಳೋಣ, ಅದನ್ನು ಅವಳ ಧಣಿಗೂ ಕೇಳುವಂತೆ ಹೇಳೋಣ.